ಕಲ್ಲಿನ ನಂಬರು, ಫೋನಿನ ಟಿಪ್ಪಣಿ

ನಾವಿಬ್ಬರೂ ಬಿಡಿ ವರದಿಗಾರರು. ಒಬ್ಬರ ಪಾಲಿಗೆ ನಂಜನಗೂಡು ತಾಲ್ಲೂಕು, ಇನ್ನೊಬ್ಬರ ಪಾಲಿಗೆ ತಿ. ನರಸೀಪುರ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಒಂದೇ ಬೆಂಚಿನಲ್ಲಿ ಕೂತವರು, ಈಗಲೂ ಒಬ್ಬರ ಟಿಪ್ಪಣಿ ಇನ್ನೊಬ್ಬರಿಗೆ ಹೋಗುತ್ತಿರುತ್ತದೆ. ಕಳೆದ ವರ್ಷ ತಿ. ನರಸೀಪುರ ತಾಲ್ಲೂಕಿನ ಒಂದು ಊರಿಗೆ ರಸ್ತೆ ಅಗಲೀಕರಣದ ಸುದ್ದಿಗೆಂದು ಹೋಗಿದ್ದೆವು. ಊರ ಮುಂದೆ ಅರ್ಧ ಹೂತ ಒಂದು ಕಲ್ಲಿತ್ತು. ಮೇಲೆ ಅಕ್ಷರ, ಅದರ ಮೇಲೆ ಸುಣ್ಣ. ಕಲ್ಲು ರಸ್ತೆಯ ಗುರುತಿನೊಳಗೆ ಬಂದಿತ್ತು. 'ಇದು ಚೋಳರ ಕಾಲದ ಶಾಸನ, ನಾವು ಹಿಂದೆಯೇ ಸುದ್ದಿ ಮಾಡಿದ್ದೇವೆ' ಎಂದೆವು ಜಂಬದಿಂದ. ಅಲ್ಲೇ ಇದ್ದ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: 'ಎಲ್ಲಿ ಬರೆದೈತೆ ಸ್ವಾಮಿ? ಬರೆದಿರೋದು ಕೊಡಿ, ಅರ್ಜಿ ಜೊತೆ ಇಡ್ತೀವಿ.'

ನಮ್ಮ ಬಳಿ ಕೊಡುವುದಕ್ಕೆ ಏನೂ ಇರಲಿಲ್ಲ.

ಫೋನು ತೆಗೆದು ಹುಡುಕಿದೆವು. ಒಬ್ಬರ ನೋಟ್ಸ್ ಆ್ಯಪ್‌ನಲ್ಲಿ ಆ ವಾಕ್ಯ ಸಿಕ್ಕಿತು. ಅದರ ಕೆಳಗೆ ಒಂದು ಲಿಂಕ್ ಇತ್ತು, ಒತ್ತಿದರೆ ತೆರೆಯಲಿಲ್ಲ. ಅದು ಇನ್ನೊಬ್ಬರ ಹಳೆಯ ಆ್ಯಪ್‌ನೊಳಗಿನ ಲಿಂಕ್. ಆ ಆ್ಯಪ್ ಬಿಟ್ಟು ಎರಡು ವರ್ಷವಾಗಿತ್ತು. ಬಿಡುವಾಗ ಟಿಪ್ಪಣಿಗಳನ್ನೇನೋ ಹೊರತೆಗೆದಿಟ್ಟಿದ್ದೆವು. ಆದರೆ ಲಿಂಕ್ ಇದ್ದ ಕಡೆಯೆಲ್ಲ ಅರ್ಥವಿಲ್ಲದ ನಾಲ್ಕಾರು ಅಕ್ಷರ, ಅಂಕಿ ಮಾತ್ರ ಉಳಿದಿದ್ದವು. ಕೆದಕುತ್ತಾ ಹೋದಾಗ ಮೂಲ ಸಿಕ್ಕಿತು. ಯಾವುದೋ ಸಮಾರಂಭದ ಸ್ಮರಣ ಸಂಚಿಕೆಯಿಂದ ನಾವೇ ಟೈಪ್ ಮಾಡಿಕೊಂಡ ಸಾಲು ಅದು. ಆ ಸಂಚಿಕೆಯಲ್ಲೂ ಆಧಾರ ಕೊಟ್ಟಿರಲಿಲ್ಲ. ಒಂದು ಸಾಲನ್ನು ನಾಲ್ಕು ಕಡೆ ಅಂಟಿಸಿ, ನಾಲ್ಕು ಸಾಕ್ಷಿ ಇದೆ ಅಂದುಕೊಂಡಿದ್ದೆವು.

ಮಾರನೆಯ ದಿನ ಮೈಸೂರಿಗೆ ಹೋಗಿ, ಗ್ರಂಥಾಲಯದಲ್ಲಿ ಕೂತು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ ತೆಗೆಸಿದೆವು. ತಾಲ್ಲೂಕು, ಊರು ಎಂದು ಬೆರಳಿಟ್ಟು ನೋಡುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಆ ಕಲ್ಲು ಸಿಕ್ಕಿತು. ಊರ ಹೆಸರು, ಕಲ್ಲು ಇದ್ದ ಜಾಗ, ಪೂರ್ತಿ ಪಠ್ಯ, ಎಲ್ಲಕ್ಕೂ ಮೇಲೆ ಒಂದು ನಂಬರು. ನಾಚಿಕೆಯ ಸಂಗತಿಯೆಂದರೆ ಅದು ಚೋಳರ ಶಾಸನವಾಗಿರಲಿಲ್ಲ, ಹೊಯ್ಸಳರದು. ನಾವು ಸುದ್ದಿ ಮಾಡಿದ್ದು ತಪ್ಪಾಗಿತ್ತು. ನೂರು ವರ್ಷಕ್ಕೂ ಹಿಂದೆ ಕೈಯಲ್ಲಿ ಬರೆದುಕೊಂಡವರ ಟಿಪ್ಪಣಿ ನಿಂತಿದೆ, ಎರಡು ವರ್ಷದ ಹಿಂದಿನ ನಮ್ಮದು ಬಿದ್ದುಹೋಗಿದೆ. ಯಾಕೆ ಹೀಗೆ ಎಂದು ಯೋಚಿಸಿದಾಗ ಹುಟ್ಟಿದ್ದು ಈ ಬರಹ.

ಬೆಂಜಮಿನ್ ಲೂಯಿ ರೈಸ್ ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವರು. ಶಿಕ್ಷಣ ಇಲಾಖೆಯ ಕೆಲಸದಲ್ಲಿದ್ದು ಊರೂರು ತಿರುಗಿದವರು, ಆಮೇಲೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕರಾದರು. 1879ರಲ್ಲಿ ಅವರು ತಂದ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಪುಸ್ತಕ ಹೆಚ್ಚಾಗಿ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ತೆಗೆಸಿದ್ದ ಫೋಟೊಗಳನ್ನು ನೋಡಿ ಮಾಡಿದ್ದು. ಫೋಟೊ ಸಾಲದು, ಕಲ್ಲಿನ ಹತ್ತಿರ ಹೋಗಬೇಕು ಎನ್ನುವ ಕೆಲಸ ಆಮೇಲೆ ನಡೆಯಿತು. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ ಮುಂದಿನ ಇಪ್ಪತ್ತು ವರ್ಷದೊಳಗೆ ಹನ್ನೆರಡು ಸಂಪುಟ ಬಂದವು. ಒಂಬತ್ತು ಸಾವಿರದ ಹತ್ತಿರ ಶಾಸನಗಳು ಅಚ್ಚಾದವು. ನಮ್ಮ ಎರಡೂ ತಾಲ್ಲೂಕುಗಳು ಇದ್ದದ್ದು 1894ರ ಮೂರನೇ ಸಂಪುಟದಲ್ಲಿ. ಮೈಸೂರು ಜಿಲ್ಲೆಯ ಮೊದಲ ಭಾಗ ಅದು.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಯೊಳಗೆ ಕಾಗದ ಕೂರಿಸುವುದು. ಮೇಲೆ ಮಸಿ ತಟ್ಟಿದರೆ ಉಬ್ಬಿದ ಜಾಗ ಕಪ್ಪು, ಅಕ್ಷರದ ಜಾಗ ಬಿಳಿ. ಆ ಪಡಿಯಚ್ಚನ್ನು ಪಂಡಿತರು ಓದಿ ನಕಲು ಮಾಡುತ್ತಿದ್ದರು. ಪುಸ್ತಕದಲ್ಲಿ ಮೂಲಪಠ್ಯ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಮೂರೂ ಬಂದವು. ಮೂರಕ್ಕೂ ಒಂದೇ ನಂಬರು. ತಾಲ್ಲೂಕಿನ ಹೆಸರಿನ ಎರಡಕ್ಷರ, ಮುಂದೆ ಒಂದು ಅಂಕಿ. ನಂಜನಗೂಡಿಗೆ ಎನ್‌ಜೆ, ತಿ. ನರಸೀಪುರಕ್ಕೆ ಟಿಎನ್. ನೋಡಿದರೆ ಏನೂ ಅಲ್ಲ, ಅಂಚೆ ಪಿನ್‌ಕೋಡಿನ ಹಾಗೆ. ಆದರೆ ಗುಟ್ಟು ಇರುವುದು ಅಲ್ಲೇ.

ಒಂದು ಉದಾಹರಣೆ ನೋಡಿ. ಟಿಎನ್ 44 ಎಂದರೆ ತಿ. ನರಸೀಪುರ ತಾಲ್ಲೂಕಿನ ಕಲಿಯೂರಿನ ಶಾಸನ, ಕಾಲ 1006ರ ಸುಮಾರು. ಚೋಳರ ಸೇನಾನಿ ಅಪ್ರಮೇಯನು ಕಾಳಗದಲ್ಲಿ ಹೊಯ್ಸಳರ ಮಂತ್ರಿ ನಾಗಣ್ಣನನ್ನು ಸೋಲಿಸಿದ ವಿಷಯ ಅದರಲ್ಲಿದೆ. ಹೊಯ್ಸಳರು ಇನ್ನೂ ದೊಡ್ಡ ರಾಜರಾಗಿರದ ಕಾಲದ ಸುದ್ದಿ ಇದು. ಅದಕ್ಕೇ ಹೊಯ್ಸಳರ ಆರಂಭದ ಬಗ್ಗೆ ಬರೆಯುವವರು ಈ ಕಲಿಯೂರಿನ ಕಲ್ಲಿನ ಹತ್ತಿರ ಬಂದೇ ಬರುತ್ತಾರೆ. ಬಂದವರು ಇಡೀ ಶಾಸನವನ್ನು ಮತ್ತೆ ಬರೆಯುವುದಿಲ್ಲ. ಬೇಕಾದ ಸಾಲು ತೆಗೆದುಕೊಂಡು, ಅಡಿಟಿಪ್ಪಣಿಯಲ್ಲಿ ಟಿಎನ್ 44 ಎಂದು ಬರೆದು ಮುಂದೆ ಹೋಗುತ್ತಾರೆ. ರೈಸ್ ಕೂಡ 1909ರಲ್ಲಿ 'ಮೈಸೂರ್ ಆ್ಯಂಡ್ ಕೂರ್ಗ್ ಫ್ರಂ ದಿ ಇನ್‌ಸ್ಕ್ರಿಪ್ಷನ್ಸ್' ಬರೆದಾಗ ಮಾಡಿದ್ದು ಇದನ್ನೇ. ತನ್ನದೇ ಸಾವಿರಾರು ಟಿಪ್ಪಣಿಗಳನ್ನು ನಂಬರಿನ ದಾರದಿಂದ ಪೋಣಿಸಿ ಒಂದು ಚರಿತ್ರೆ ಮಾಡಿದರು. ಪುಟದ ಕೆಳಗೆ ಸಾಲುಸಾಲಾಗಿ ಇಂಥ ಎರಡಕ್ಷರ, ಒಂದು ಅಂಕಿ.

ವಿಳಾಸ ಇದ್ದರೆ ಇನ್ನೊಂದು ಲಾಭ, ಜಗಳ ಆಡಬಹುದು. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವು ಖೊಟ್ಟಿ, ಅವನ್ನು ನಂಬಿ ವಂಶಾವಳಿ ಕಟ್ಟಬಾರದು ಎಂದು ಜೆ.ಎಫ್. ಫ್ಲೀಟ್ ವಾದಿಸಿದರು. ರೈಸ್ ಒಪ್ಪಲಿಲ್ಲ. ಇಬ್ಬರಲ್ಲಿ ಯಾರು ಎಷ್ಟು ಸರಿ ಎನ್ನುವುದು ವಿದ್ವಾಂಸರ ವಿಷಯ. ನಮಗೆ ಬೇಕಾದ್ದು ಇಷ್ಟೇ: ಫ್ಲೀಟ್ ಯಾವ ಪಟ, ಅದರ ಯಾವ ಅಕ್ಷರ, ಯಾವ ತಿಥಿ ಎಂದು ಬೆರಳಿಟ್ಟು ತೋರಿಸಲು ಆಗಿದ್ದು ಪ್ರತಿಯೊಂದಕ್ಕೂ ಗುರುತು ಇದ್ದುದರಿಂದ. ತಪ್ಪು ಎಲ್ಲಿದೆ ಎಂದು ಗೊತ್ತಾದರೆ ತಾನೆ ತಿದ್ದುವುದು?

ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ನಮ್ಮ ತಾಲ್ಲೂಕಿನಲ್ಲೇ ಇದೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂಬ ಅಲಮೇಲಮ್ಮನ ಶಾಪದ ಕಥೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಪ್ರಸಂಗಕ್ಕೆ ಅಂಟಿಕೊಂಡ ಕಥೆ ಇದು. ಪಂಚಲಿಂಗ ದರ್ಶನ ಬಂತೆಂದರೆ ನಾವೂ ಬರೆಯುತ್ತೇವೆ, 2013ರಲ್ಲೂ ಬರೆದೆವು, 2020ರಲ್ಲೂ ಬರೆದೆವು. ಎರಡನೇ ಸಲ ಬರೆದದ್ದು ಮೊದಲನೆಯದರ ಕಾಪಿ. ಅದು ಜನರ ಬಾಯಲ್ಲಿರುವ ಕಥೆ, ಕಥೆಯಾಗಿ ಅದಕ್ಕೆ ಬೆಲೆ ಇದೆ. ತೊಂದರೆ ಆಗುವುದು ಅದನ್ನೇ ಮರಳಿನ ಕಾರಣವೆಂದು ಬರೆದಾಗ. ಕೃಷಿ ವಿಜ್ಞಾನಿ, ಲೇಖಕ ಕೆ.ಎನ್. ಗಣೇಶಯ್ಯನವರು ತಲಕಾಡಿನ ಮರಳನ್ನು ಕಾವೇರಿಯ ತಿರುವು, ಮಾಧವಮಂತ್ರಿ ಕಟ್ಟೆ ಇವುಗಳ ಜೊತೆ ಇಟ್ಟು ವಿವರಿಸಿದ್ದಾರೆ. ಆ ವಿವರಣೆ ನಮ್ಮ ಟಿಪ್ಪಣಿಯಲ್ಲೂ ಇತ್ತು, ಆದರೆ ಬೇರೆ ಆ್ಯಪ್‌ನಲ್ಲಿ. ಶಾಪದ ಸಾಲಿಗೂ ಕಟ್ಟೆಯ ಸಾಲಿಗೂ ನಾವು ಕೊಂಡಿ ಹಾಕಿರಲಿಲ್ಲ. ಹಾಗಾಗಿ ಎರಡು ಸಲವೂ ಶಾಪವೇ ಗೆದ್ದಿತು.

ಸಾಲುಗಳನ್ನು ಚೀಟಿಗೆ ಇಳಿಸಿ, ವಿಳಾಸ ಬರೆದು, ಬೇಕಾದ ಕಡೆ ಮತ್ತೆ ಬಳಸುವ ಕೆಲಸ ಕನ್ನಡಕ್ಕೆ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಹುಟ್ಟಿದ್ದೇ ಹಾಗೆ. ಕಾವ್ಯ, ಶಾಸನ ಎಲ್ಲವನ್ನೂ ಓದಿ ಒಂದೊಂದು ಪದಕ್ಕೆ ಒಂದೊಂದು ಚೀಟಿ. ಅದರಲ್ಲಿ ಪದ, ಅದು ಬಂದ ವಾಕ್ಯ, ವಾಕ್ಯ ಎಲ್ಲಿಂದ ಬಂತು ಎಂಬ ಗುರುತು. ಜಿ. ವೆಂಕಟಸುಬ್ಬಯ್ಯನವರಂಥವರು ದಶಕಗಟ್ಟಲೆ ಅದರಲ್ಲಿ ದುಡಿದರು. 1995ರಲ್ಲಿ ಎಂಟನೇ ಸಂಪುಟದೊಂದಿಗೆ ಕೆಲಸ ಮುಗಿಯಿತು. ಹೊರಗಿನ ಲೋಕದಲ್ಲಿ ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲುಹ್ಮನ್ ಸುಮಾರು 90,000 ಚೀಟಿ ಬರೆದಿಟ್ಟರು. ಪ್ರತಿ ಚೀಟಿಗೂ ನಂಬರು, ಒಂದು ಚೀಟಿಯಲ್ಲಿ ಇನ್ನೊಂದರ ನಂಬರು. 1965ರಲ್ಲಿ 'ಹೈಪರ್‌ಟೆಕ್ಸ್ಟ್' ಎಂಬ ಪದ ತಂದ ಅಮೆರಿಕದ ಟೆಡ್ ನೆಲ್ಸನ್ ಇನ್ನೂ ಮುಂದೆ ಹೋಗಿ, ಒಂದು ಕಡೆಯ ಸಾಲನ್ನು ಇನ್ನೊಂದು ಕಡೆ ಬಳಸಿದರೂ ಅದು ಮೂಲದ ಜೊತೆ ಸಂಬಂಧ ಕಡಿದುಕೊಳ್ಳಬಾರದು ಎಂದರು. ಇವತ್ತಿನ ಆಬ್ಸಿಡಿಯನ್, ರೋಮ್‌ನಂಥ ಆ್ಯಪ್‌ಗಳಲ್ಲಿ ಒಂದು ಟಿಪ್ಪಣಿಯ ಪ್ಯಾರಾವನ್ನು ಇನ್ನೊಂದು ಟಿಪ್ಪಣಿಯೊಳಗೆ ಹಾಗೇ ತೋರಿಸಬಹುದು, ಮೂಲದಲ್ಲಿ ತಿದ್ದಿದರೆ ಎಲ್ಲ ಕಡೆಯೂ ತಿದ್ದುತ್ತದೆ. ಒಳ್ಳೆಯ ಅನುಕೂಲವೇ. ಆದರೆ ಆ ಕೊಂಡಿ ಆ ಆ್ಯಪ್‌ನ ಮನೆಮಾತು. ಬೇರೆ ಮನೆಗೆ ಹೋದರೆ ಅದರ ಅರ್ಥ ಯಾರಿಗೂ ಆಗದು. ಟಿಎನ್ 44 ಹಾಗಲ್ಲ. ಅದು ನೋಟುಬುಕ್ಕಿಗೂ ಅರ್ಥವಾಗುತ್ತದೆ, ಪುಸ್ತಕಕ್ಕೂ ಅರ್ಥವಾಗುತ್ತದೆ, ನಮ್ಮಿಬ್ಬರ ಫೋನಿಗೂ ಅರ್ಥವಾಗುತ್ತದೆ.

ಹಾಗೆಂದು ಕಲ್ಲಿನ ನಂಬರು ಎಂದೂ ಕೆಡುವುದಿಲ್ಲ ಎಂದಲ್ಲ. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಎಪಿಗ್ರಾಫಿಯಾ ಕರ್ನಾಟಿಕಾವನ್ನು ಪರಿಷ್ಕರಿಸಿ ತರಲು ಶುರುಮಾಡಿತು. ಹೊಸದಾಗಿ ಸಿಕ್ಕ ಶಾಸನಗಳು ಸೇರಿದವು, ನಂಬರುಗಳು ಬದಲಾದವು. 1894ರಲ್ಲಿ ಒಂದೇ ಪುಸ್ತಕದಲ್ಲಿದ್ದ ನಮ್ಮ ತಾಲ್ಲೂಕುಗಳು ಬೇರೆಬೇರೆಯಾದವು. ನಂಜನಗೂಡು 1974ರ ಮೂರನೇ ಸಂಪುಟಕ್ಕೆ, ತಿ. ನರಸೀಪುರ 1976ರ ಐದನೇ ಸಂಪುಟಕ್ಕೆ. ಈಗ ಬರೀ 'ಮೂರನೇ ಸಂಪುಟ, ನಂಜನಗೂಡು ಇಷ್ಟನೇ ನಂಬರು' ಎಂದರೆ ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ, ಬೇರೆ ಕಲ್ಲಿಗೇ ಹೋಗಿ ನಿಲ್ಲಬಹುದು. ಅದಕ್ಕೇ ತಿಳಿದವರು ಪರಿಷ್ಕೃತ ಎಂದು ಪಕ್ಕದಲ್ಲಿ ಗುರುತು ಹಾಕುತ್ತಾರೆ. ನಂಬರು ಬದಲಾದರೂ ಕೆಲಸ ಕೆಡದೇ ಇದ್ದುದು ನಂಬರಿನ ಜೊತೆ ಊರ ಹೆಸರೂ ಪಠ್ಯವೂ ಇದ್ದುದರಿಂದ. ಒಂದು ದಾರಿ ಮುಚ್ಚಿದರೆ ಇನ್ನೊಂದು.

ಹೆಸರಿನದೂ ಒಂದು ಪೀಕಲಾಟ ಇದೆ. ಫೋನಿನಲ್ಲಿ ತಲಕಾಡು ಎಂದು ಹುಡುಕಿದರೆ ಸಂಸ್ಕೃತ ಶಾಸನದ ತಳವನಪುರ ಬರುವುದಿಲ್ಲ, ಚೋಳರು ಇಟ್ಟ ರಾಜರಾಜಪುರ ಬರುವುದಿಲ್ಲ. ನಂಜನಗೂಡು ಎಂದರೆ ಗರಳಪುರಿ ಬರುವುದಿಲ್ಲ. ವಿಷ್ಣುವರ್ಧನನು ಸುಮಾರು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದು 'ತಲಕಾಡುಗೊಂಡ' ಎನಿಸಿಕೊಂಡ. ಆ ಬಿರುದಿನ ಟಿಪ್ಪಣಿ ಒಂದು ಕಡೆ, ರಾಜರಾಜಪುರದ ಟಿಪ್ಪಣಿ ಒಂದು ಕಡೆ ಇದ್ದರೆ ಎರಡೂ ಒಂದೇ ಊರಿನ ಮಾತು ಎಂದು ಯಂತ್ರಕ್ಕೆ ಗೊತ್ತಾಗದು. ಅದನ್ನು ನಾವೇ ಬರೆದಿಡಬೇಕು.

ಈಗ ನಾವಿಬ್ಬರೂ ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಆ್ಯಪ್ ಯಾವುದಾದರೂ ಸರಿ. ಸಾಲು ನಕಲು ಮಾಡಿದರೆ ಅದರ ಕೆಳಗೇ ವಿಳಾಸ ಅಕ್ಷರದಲ್ಲಿ ಇರಬೇಕು, ಬರೀ ಲಿಂಕ್ ಸಾಲದು. ಪುಸ್ತಕವಾದರೆ ಹೆಸರು, ವರ್ಷ, ಪುಟ. ಶಾಸನವಾದರೆ ಊರು, ಹಳೆಯ ನಂಬರು, ಪರಿಷ್ಕೃತ ನಂಬರು. ಜನರ ಮಾತಾದರೆ ಯಾವ ಊರಲ್ಲಿ, ಯಾವತ್ತು ಕೇಳಿದ್ದು. ಒಂದೇ ಮೂಲದ ನಾಲ್ಕು ನಕಲನ್ನು ನಾಲ್ಕು ಸಾಕ್ಷಿ ಎಂದು ಎಣಿಸುವಂತಿಲ್ಲ. ಒಂದಕ್ಕೊಂದು ಒಪ್ಪದ ಎರಡು ಸಾಲು ಸಿಕ್ಕಿದರೆ ಎರಡನ್ನೂ ಒಂದೇ ಕಡೆ ಇಡಬೇಕು. ಗೊತ್ತಿಲ್ಲದಿದ್ದರೆ 'ಆಧಾರ ಸಿಕ್ಕಿಲ್ಲ' ಎಂದು ಬರೆಯಬೇಕು. ಇದರಿಂದ ಕೆಲಸ ಸ್ವಲ್ಪ ನಿಧಾನವಾಗಿದೆ, ಸುಳ್ಳು ಹೇಳುವುದಿಲ್ಲ. ಸಂಜೆ ಆರಕ್ಕೆ ಸುದ್ದಿ ಕಳಿಸಬೇಕಾದವರಿಗೆ ಇದು ಕಿರಿಕಿರಿಯೇ.

ಆ ಊರಿಗೆ ಮತ್ತೆ ಹೋದೆವು. ಸಂಪುಟದ ಪುಟದ ಜೆರಾಕ್ಸ್ ಕೊಟ್ಟು, 'ಇದು ಚೋಳರದಲ್ಲ, ಹೊಯ್ಸಳರದು, ನಾವು ಬರೆದದ್ದು ತಪ್ಪು' ಎಂದು ಒಪ್ಪಿಕೊಂಡೆವು. ಹಿರಿಯರು ನಗಲಿಲ್ಲ, ಬೈಯಲಿಲ್ಲ. ನಂಬರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಅಂಗಿ ಜೇಬಿಗಿಟ್ಟರು. ಅರ್ಜಿಯ ಜೊತೆ ಜೆರಾಕ್ಸ್ ಹೋಯಿತು. ಕೆಲವು ವಾರದ ಮೇಲೆ ಕಲ್ಲನ್ನು ಒಡೆಯದೆ ಎತ್ತಿ ಶಾಲೆಯ ಕಾಂಪೌಂಡಿನ ಪಕ್ಕ ನಿಲ್ಲಿಸಿದರು. ಹೀಗೆ ಅದು ತನ್ನ ಹಳೆಯ ಜಾಗ ಬಿಟ್ಟಿತು, ಸಂಪುಟದಲ್ಲಿರುವ ಜಾಗದ ವಿವರ ಇನ್ನು ಹೊಂದುವುದಿಲ್ಲ. ಅದಕ್ಕೇ ನಮ್ಮ ಟಿಪ್ಪಣಿಯಲ್ಲಿ ಹಳೆಯ ಜಾಗ, ಹೊಸ ಜಾಗ, ಎಬ್ಬಿಸಿದ ತಿಂಗಳು ಮೂರನ್ನೂ ಬರೆದು, ಮೇಲೆ ಕಲ್ಲಿನ ಎರಡೂ ನಂಬರು ಹಾಕಿದ್ದೇವೆ. ಒಂದು ಪ್ರತಿ ಶಾಲೆಯ ಮೇಷ್ಟರ ಬಳಿ ಕಾಗದದಲ್ಲಿದೆ. ನಾಳೆ ನಾವು ಇನ್ನೊಂದು ಆ್ಯಪ್‌ಗೆ ಹೋದರೂ ಕಲ್ಲನ್ನು ಹುಡುಕಿಕೊಂಡು ಬಂದವರಿಗೆ ಅದು ಸಿಗಬೇಕು.