ಮಂಡಿಚಿಪ್ಪಿನ ಸ್ಥಾನಚ್ಯುತಿ (ಸಣ್ಣ ನಾಯಿಗಳಲ್ಲಿ)

ನಾಯಿಯ ಹಿಂಗಾಲಿನ ಮಂಡಿಚಿಪ್ಪು, ತೊಡೆಮೂಳೆಯ ಕೆಳತುದಿಯಲ್ಲಿ ತಾನು ಆಡಬೇಕಾದ ತೋಡನ್ನು ಬಿಟ್ಟು ಮಗ್ಗುಲಿಗೆ ಸರಿಯುವ ಸಂಧಿವಿಕಾರ. ಪಾಮೇರಿಯನ್, ಚಿವಾವಾ, ಯಾರ್ಕ್‌ಶೈರ್ ಟೆರಿಯರ್ ಮೊದಲಾದ ಅಲ್ಪಕಾಯದ ತಳಿಗಳಲ್ಲಿ ಇದು ಬಹು ಸಾಮಾನ್ಯ. ಅವುಗಳಲ್ಲಿ ಚಿಪ್ಪು ಹೆಚ್ಚಾಗಿ ಒಳಮಗ್ಗುಲಿಗೇ ಜಾರುತ್ತದೆ.

ಕಾರಣ: ಪೆಟ್ಟಿನಿಂದಲೂ ಇದು ಸಂಭವಿಸಬಹುದಾದರೂ ಬಹುಮಟ್ಟಿಗೆ ಆನುವಂಶಿಕವಾದ ಬೆಳವಣಿಗೆಯ ದೋಷವೇ ಮೂಲ. ತೊಡೆಯ ಮುಂದಣ ಸ್ನಾಯು, ಚಿಪ್ಪು, ಅದರ ಕೆಳಗಣ ಸ್ನಾಯುರಜ್ಜು ಹಾಗೂ ಆ ರಜ್ಜು ನಾಟಿಕೊಂಡಿರುವ ಕಣಕಾಲ ಮೂಳೆಯ ಉಬ್ಬು ಒಂದೇ ನೇರದಲ್ಲಿದ್ದರೆ, ಬಾವಿಯ ರಾಟೆಯ ಮೇಲೆ ಹಗ್ಗ ಆಡುವಂತೆ ಚಿಪ್ಪು ತೋಡಿನಲ್ಲಿ ಸಲೀಸಾಗಿ ಆಡುತ್ತದೆ. ಈ ನೇರ ತಪ್ಪಿದಾಗ ಸ್ನಾಯುವಿನ ಸೆಳೆತ ಓರೆಯಾಗುವುದು. ಬೆಳೆಯುವ ಮರಿಯಲ್ಲಿ ಚಿಪ್ಪಿನ ಒತ್ತಡದಿಂದಲೇ ಆಳವಾಗಬೇಕಾದ ತೋಡು ಆ ಒತ್ತಡವಿಲ್ಲದೆ ಆಳಗೊಳ್ಳದೆ ಉಳಿಯುವುದು. ತೋಡು ಆಳವಿಲ್ಲದ್ದರಿಂದ ಚಿಪ್ಪು ಮತ್ತಷ್ಟು ಸುಲಭವಾಗಿ ಜಾರುವುದು.

ಮೃದ್ವಸ್ಥಿಯ ಹಾನಿ: ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಸಂಧಿದ್ರವವೇ ಅದರ ಮುಖ್ಯ ಪೋಷಕ. ಚಿಪ್ಪು ತೋಡಿನ ಅಂಚನ್ನು ಪದೇ ಪದೇ ದಾಟುವಾಗ ಎರಡೂ ಕಡೆಯ ಮೃದ್ವಸ್ಥಿ ಸವೆದು, ಕೊನೆಗೆ ಮೂಳೆಗೆ ಮೂಳೆ ಉಜ್ಜಿ ಸಂಧಿವಾತಕ್ಕೆ ದಾರಿಯಾಗುತ್ತದೆ. ಸವೆದ ಎಡೆಯಲ್ಲಿ ಬೆಳೆಯುವ ನಾರಿನ ಅಂಗಾಂಶ ಮೊದಲಿನ ನುಣುಪನ್ನೂ ತಾಳಿಕೆಯನ್ನೂ ಮರಳಿ ಕೊಡಲಾರದು.

ಲಕ್ಷಣ: ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳ ನುಣುಪಾದ ಫರಸಿಯ ಮೇಲೆ ಓಡುತ್ತಿರುವ ಪಾಮೇರಿಯನ್ ಹಠಾತ್ತನೆ ಒಂದು ಹಿಂಗಾಲನ್ನೆತ್ತಿ, ಮೂರು ಕಾಲಿನಲ್ಲಿ ನಾಲ್ಕು ಹೆಜ್ಜೆ ಕುಪ್ಪಳಿಸಿ, ಆ ಕಾಲನ್ನು ಹಿಂದಕ್ಕೆ ಚಾಚಿ ಒದರಿ, ಏನೂ ಆಗದಂತೆ ಮತ್ತೆ ಓಡತೊಡಗುವುದು. ಸಗರನಾಡಿನ ಈ ಊರುಗಳಲ್ಲಿ ಜಾಲಿಮುಳ್ಳು ಚುಚ್ಚಿತೆಂದು ಅಂಗಾಲನ್ನು ಹುಡುಕುವುದು ಸಹಜ. ಆದರೆ ಅಂಗಾಲು ಶುದ್ಧವಾಗಿದ್ದು ಕುಂಟು ಮರುಕಳಿಸಿದರೆ ಮಂಡಿಯನ್ನು ಪರೀಕ್ಷಿಸತಕ್ಕದ್ದು.

ದರ್ಜೆ: 1968ರಲ್ಲಿ ಪಟ್ನಂ ಸೂಚಿಸಿ 1969ರಲ್ಲಿ ಸಿಂಗಲ್‌ಟನ್ ಪರಿಷ್ಕರಿಸಿದ ಕ್ರಮದಂತೆ ದರ್ಜೆಗಳು 4. ಬೆರಳಿನಿಂದ ಒತ್ತಿದಾಗ ಸರಿದು, ಬಿಟ್ಟೊಡನೆ ತಾನೇ ಮರಳುವುದು ಮೊದಲನೆಯದು. ತಾನಾಗಿ ಜಾರಿ, ಕಾಲು ಚಾಚುವವರೆಗೆ ಅಥವಾ ಕೈಯಿಂದ ಕೂರಿಸುವವರೆಗೆ ಹೊರಗುಳಿಯುವುದು ಎರಡನೆಯದು. ಸದಾ ಹೊರಗಿದ್ದು, ಕೂರಿಸಿದರೂ ಮತ್ತೆ ಜಾರುವುದು ಮೂರನೆಯದು. ಕೂರಿಸಲು ಬಾರದ್ದು ನಾಲ್ಕನೆಯದು. ಕಾಲನ್ನು ಮಡಿಸಿ ಚಾಚುವಾಗ ವೈದ್ಯರ ಬೆರಳಿಗೆ ಕರಕರ ಎನಿಸಿದರೆ ಮೃದ್ವಸ್ಥಿ ಸವೆದಿರುವ ಶಂಕೆ ಬಲಗೊಳ್ಳುತ್ತದೆ.

ಚಿಕಿತ್ಸೆ: ಮೊದಲ ದರ್ಜೆಯಲ್ಲಿ ತೂಕ ಹೆಚ್ಚದಂತೆ ನೋಡಿಕೊಳ್ಳುವುದು, ಜಾರುವ ನೆಲಕ್ಕೆ ಚಾಪೆ ಹಾಸುವುದು, ಮಿತವಾದ ನಡಿಗೆ ಸಾಮಾನ್ಯವಾಗಿ ಸಾಕು. ಕುಂಟು ಪದೇ ಪದೇ ಬರುವಾಗಲೂ ಮೇಲಿನ ದರ್ಜೆಗಳಲ್ಲೂ ಶಸ್ತ್ರಚಿಕಿತ್ಸೆ ಬೇಕಾಗುವುದು: ತೋಡನ್ನು ಆಳಗೊಳಿಸಿ, ಕಣಕಾಲ ಮೂಳೆಯ ಉಬ್ಬನ್ನು ಕತ್ತರಿಸಿ ನೇರಕ್ಕೆ ತಂದು ತಂತಿಯಿಂದ ಬಿಗಿದು, ಸಡಿಲಗೊಂಡ ಸಂಧಿಕೋಶವನ್ನು ಹೊಲಿಯುತ್ತಾರೆ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ರೋಗವನ್ನು ಗುರುತಿಸಿಕೊಂಡ ಬಳಿಕ, ಶಸ್ತ್ರಚಿಕಿತ್ಸೆಯ ವಿಚಾರಕ್ಕೆ ಕಲ್ಯಾಣ ಕರ್ನಾಟಕದವರು ಬೀದರಿನ ಪಶುವೈದ್ಯಕೀಯ ಮಹಾವಿದ್ಯಾಲಯವನ್ನು ವಿಚಾರಿಸಬಹುದು. ಮನುಷ್ಯರ ನೋವುಗುಳಿಗೆಗಳಾದ ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ಗಳು ನಾಯಿಗೆ ವಿಷಪ್ರಾಯವಾಗಬಲ್ಲವಾದ್ದರಿಂದ ಅವನ್ನು ಮನೆಯಲ್ಲೇ ಕೊಡಲೇಬಾರದು.

ನಿವಾರಣೆ: ದೋಷವುಳ್ಳ ನಾಯಿಯನ್ನು ಸಂತಾನಕ್ಕೆ ಬಳಸದಿರುವುದೇ ಮುಖ್ಯೋಪಾಯ. ಶಸ್ತ್ರಚಿಕಿತ್ಸೆ ಒಂದು ನಾಯಿಯ ಕಾಲನ್ನು ನೇರಗೊಳಿಸಬಹುದಾದರೂ ಅದು ಮರಿಗಳಿಗೆ ದಾಟಿಸುವ ದೋಷವನ್ನು ತೊಡೆಯದು. ಆದ್ದರಿಂದ ಮರಿಯನ್ನು ಕೊಳ್ಳುವವರು ಅದರ ತಾಯಿತಂದೆಗಳ ನಡಿಗೆಯನ್ನು ಕಣ್ಣಾರೆ ಕಂಡು, ಮಂಡಿಯನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡು ತರುವುದು ಲೇಸು.