ಲೈಫ್ ಜಾಕೆಟ್ ಹಾಕಿದ್ದ ಹುಡುಗ

ಮಳೆಗಾಲದಲ್ಲಿ ಮನೆಯ ಇಎಲ್‌ಸಿಬಿ ಟ್ರಿಪ್ ಆದಾಗಲೆಲ್ಲ ಬೈಯುತ್ತಿದ್ದೆ. ಈ ಕಥೆ ಓದಿದ ಮೇಲೆ ಬಿಟ್ಟೆ.

1999ರ ಆಗಸ್ಟ್. ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ, ವಿಹಾರದ ದೋಣಿಗಳು ನಿಲ್ಲುವ ಕಟ್ಟೆಯ ಬಳಿ ಈಜುತ್ತಿದ್ದ 8 ವರ್ಷದ ಹುಡುಗ ಸತ್ತ. ಲೈಫ್ ಜಾಕೆಟ್ ಹಾಕಿದ್ದ, ಮುಳುಗಿರಲಿಲ್ಲ! ದಡದಿಂದ ಕೇಬಲ್ಲಿನಲ್ಲಿ ಕರೆಂಟ್ ಪಡೆದಿದ್ದ ದೋಣಿಯೊಂದರಿಂದ ಅದು ನೀರಿಗೆ ಸೋರುತ್ತಿತ್ತು. ಸಿಹಿನೀರಿಗಿಂತ ನಮ್ಮ ಮೈಯಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಉಪ್ಪುನೀರಿನಲ್ಲಿ ಈ ಅಪಾಯ ಕಡಿಮೆ. 20 ಮಿಲಿಆಂಪ್ ಸಾಕು, ಕೈಕಾಲು ಆಡುವುದಿಲ್ಲ. ಶವಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗುರುತೂ ಸಿಗದು. ಹಾಗಾಗಿ ಇಂಥ ಸಾವು 'ಮುಳುಗಿದ್ದು' ಎಂದೇ ದಾಖಲಾಗುವುದುಂಟು.

ಹುಡುಗನ ತಂದೆ ಸುಮ್ಮನಿರಲಿಲ್ಲ, ಕಾರಣ ತಿಳಿದು ವರ್ಷಗಟ್ಟಲೆ ಜನರನ್ನು ಎಚ್ಚರಿಸಿದರು. ಅಮೆರಿಕದ ವಿದ್ಯುತ್ ನಿಯಮಾವಳಿಯ 2011ರ ಆವೃತ್ತಿಯಲ್ಲಿ ಇಂಥ ಕಟ್ಟೆಗಳಿಗೆ 100 ಮಿಲಿಆಂಪ್ ಸೋರಿಕೆಗೆ ಕರೆಂಟ್ ಕಡಿಯುವ ಸಾಧನ ಸೇರಿತು. 2017ರಲ್ಲಿ ಮಿತಿ 30ಕ್ಕೆ ಇಳಿಯಿತು. ನಮ್ಮ ಮನೆಯ ಇಎಲ್‌ಸಿಬಿ ಮೇಲೂ ಅದೇ 30 ಅಚ್ಚಾಗಿದೆ.