ಜೀತದ ಗುರುತು

‘ನಾನೇನು ನಿಮ್ಮನೆ ಜೀತದಾಳಾ?’ ಸಿಟ್ಟು ಬಂದಾಗ ನಾವೆಲ್ಲ ಆಡುವ ಮಾತು. ಹೇಳಿದ್ದು ಮಾಡಬೇಕು, ಕೂಲಿ ಕೇಳುವಂತಿಲ್ಲ, ಬಿಟ್ಟು ಹೋಗುವಂತಿಲ್ಲ ಎಂಬ ಜೀತದ ಪೂರ್ತಿ ಅರ್ಥ ಆ ಒಂದು ಮಾತಿನಲ್ಲಿದೆ. ಸರ್ಕಾರದ ಕಡತಗಳಲ್ಲಿ ಈಗ ಓಡಾಡುತ್ತಿರುವ ‘ಮಾನವ ಕಳ್ಳಸಾಗಣೆ’ ಎಂಬ ಪದಕ್ಕೆ ಈ ಸ್ಪಷ್ಟತೆ ಇಲ್ಲ. ಕಳ್ಳಸಾಗಣೆ ಅಂದೊಡನೆ ಕಣ್ಣಿಗೆ ಬರುವುದು ಗಡಿ, ಕತ್ತಲು, ಮುಚ್ಚಿಟ್ಟ ಲಾರಿ. ಹುಟ್ಟಿದೂರಿನಿಂದ ಮೂರು ಮೈಲಿ ಆಚೆಯ ಕಲ್ಲು ಕ್ವಾರಿಯಲ್ಲಿ ಸಾಲಕ್ಕೆ ಸಿಕ್ಕಿಬಿದ್ದ ಸಂಸಾರ ಆ ಚಿತ್ರದೊಳಗೆ ಬರುವುದೇ ಇಲ್ಲ. ಅಂಥವರನ್ನು ಕಾಣಲು ನಮ್ಮ ಕಾನೂನಿಗೆ ಒಂದೂವರೆ ಶತಮಾನ ಹಿಡಿಯಿತು. ಆ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡಿದರೆ, ಈಗ ನಾವು ಎಲ್ಲಿ ಎಡವುತ್ತಿದ್ದೇವೆ ಎಂಬುದೂ ತಿಳಿಯುತ್ತದೆ.

ಬ್ರಿಟಿಷರ 1843ರ 5ನೇ ಕಾಯ್ದೆ ಗುಲಾಮಗಿರಿಯನ್ನು ಅಪರಾಧ ಮಾಡಲಿಲ್ಲ. ‘ಇವನು ನನ್ನ ಗುಲಾಮ’ ಎಂಬ ಹಕ್ಕನ್ನು ಕೋರ್ಟುಗಳು ಮಾನ್ಯ ಮಾಡಬಾರದು ಎಂದಷ್ಟೇ ಹೇಳಿತು. ಮನುಷ್ಯರನ್ನು ಗುಲಾಮರನ್ನಾಗಿ ಕೊಳ್ಳುವುದು, ಮಾರುವುದು ಶಿಕ್ಷಾರ್ಹವಾಗಿದ್ದು 1860ರ ದಂಡ ಸಂಹಿತೆಯ 370ನೇ ಕಲಮಿನಿಂದ. ಆದರೆ ಅದಕ್ಕೂ ಒಂದು ವರ್ಷ ಮೊದಲು, 1859ರಲ್ಲಿ, ಬೇರೆಯೇ ಒಂದು ಕಾಯ್ದೆ ಬಂದಿತ್ತು. ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯಾಳನ್ನು ಮ್ಯಾಜಿಸ್ಟ್ರೇಟರು ಜೈಲಿಗೆ ಕಳಿಸಬಹುದೆಂದು ಅದು ಹೇಳುತ್ತಿತ್ತು. ಒಂದು ಕೈ ಗುಲಾಮರ ಖರೀದಿಯನ್ನು ತಡೆಯುತ್ತಿದ್ದಾಗ ಇನ್ನೊಂದು ಕೈ ಮುಂಗಡದ ಹಗ್ಗವನ್ನು ಬಿಗಿ ಮಾಡುತ್ತಿತ್ತು. ಆ ಕಾಯ್ದೆಯನ್ನು ರದ್ದು ಮಾಡುವ ಶಾಸನ ಬಂದದ್ದು 1925ರಲ್ಲಿ. ಕಾಯ್ದೆ ಹೋದರೂ ಹಗ್ಗ ಉಳಿಯಿತು. 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮ ಸಾಲ ತೀರಿಸಲು ಮಕ್ಕಳನ್ನು ಕಾಫಿ ತೋಟಕ್ಕೆ ಕಳಿಸುತ್ತಾನೆ. ಜೀತದ ಒಳಗಿನ ಲೆಕ್ಕಾಚಾರವನ್ನು ಕನ್ನಡದ ಓದುಗ ಕಾನೂನಿಗಿಂತ ಎಷ್ಟೋ ಮೊದಲು ಅರಿತಿದ್ದ.

ಇದೇ ಹೊತ್ತಿಗೆ ಅಂತಾರಾಷ್ಟ್ರೀಯ ಒಪ್ಪಂದಗಳು ಎರಡು ಹಾದಿ ಹಿಡಿದವು. ಒಂದು 1904ರಲ್ಲಿ ಯುರೋಪಿನ ಹೆಣ್ಣುಮಕ್ಕಳನ್ನು ವೇಶ್ಯಾವಾಟಿಕೆಗೆ ಸಾಗಿಸುವುದನ್ನು ತಡೆಯಲು ಹೊರಟು 1949ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಬಂದು ಮುಟ್ಟಿತು. ಅದಕ್ಕೆ ಭಾರತ 1950ರಲ್ಲಿ ಸಹಿ ಹಾಕಿತು, 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಹುಟ್ಟಿದ್ದು ಅಲ್ಲಿಂದ. ಇನ್ನೊಂದು ಹಾದಿ ದುಡಿಮೆಯದು. 1926ರ ಗುಲಾಮಗಿರಿ ಒಡಂಬಡಿಕೆ, 1930ರ ಬಲವಂತದ ದುಡಿಮೆಯ ಒಡಂಬಡಿಕೆ, ಸಾಲದ ಜೀತವನ್ನು ಗುಲಾಮಗಿರಿಗೆ ಸಮಾನವೆಂದು ಹೆಸರಿಸಿದ 1956ರ ಪೂರಕ ಒಡಂಬಡಿಕೆ ಈ ಸಾಲಿನವು. ಈ ಇಬ್ಭಾಗ ಇವತ್ತಿಗೂ ನಮ್ಮ ಕಚೇರಿಗಳಲ್ಲಿ ಉಳಿದಿದೆ ಎಂಬುದು ನನ್ನ ದೊಡ್ಡ ತಕರಾರು. ಕಳ್ಳಸಾಗಣೆ ಅಂದರೆ ಪೊಲೀಸರು ಲಾಡ್ಜುಗಳ ಮೇಲೆ ದಾಳಿ ಮಾಡುತ್ತಾರೆ, ಜೀತ ಅಂದರೆ ಕಂದಾಯ ಇಲಾಖೆಗೆ ಕಡತ ಹೋಗುತ್ತದೆ. ಹಗಲೆಲ್ಲ ಇಟ್ಟಿಗೆ ಹೊತ್ತು ರಾತ್ರಿ ಮೇಸ್ತ್ರಿಯ ಕಾಟಕ್ಕೆ ಸಿಕ್ಕ ಹೆಂಗಸು ಯಾರ ಲೆಕ್ಕಕ್ಕೆ ಸೇರಿದವಳು?

ಸಂವಿಧಾನ ಬರೆದವರಿಗೆ ಈ ಗೊಂದಲ ಇರಲಿಲ್ಲ. 23ನೇ ವಿಧಿಯ ಒಂದೇ ವಾಕ್ಯದಲ್ಲಿ ಅವರು ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ಒಟ್ಟಿಗೆ ನಿಷೇಧಿಸಿದರು. ‘ಬಿಟ್ಟಿ’ ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಪದ, ನಮ್ಮ ಶಾಸನಗಳಲ್ಲೂ ಸಿಗುವಷ್ಟು ಹಳೆಯದು. ವಿಧಿಯನ್ನು ಜಾರಿ ಮಾಡುವ ಕಾನೂನಿಗಾಗಿ ಮಾತ್ರ ಇಪ್ಪತ್ತೈದು ವರ್ಷ ಕಾಯಬೇಕಾಯಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ. ತುರ್ತು ಪರಿಸ್ಥಿತಿಯ ಕರಾಳ ದಿನಗಳಲ್ಲಿ ಬಂದರೂ ಈ ಕಾಯ್ದೆಯ ಒಳಗಿನ ಆಲೋಚನೆ ಧೈರ್ಯದ್ದು. ಜೀತದ ಸಾಲ ಅಂದಿನಿಂದಲೇ ಅಳಿಯಿತು. ಅದು ಜೀತದ ಸಾಲ ಅಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ, ಋಣಪರಿಹಾರ ಶಾಸನಗಳು ಬಂದದ್ದೂ ಇದೇ ಕಾಲದಲ್ಲಿ. ಹೊಲವೂ ಸಾಲಮುಕ್ತಿಯೂ ಒಟ್ಟಿಗೆ ಸಿಕ್ಕರೆ ಮಾತ್ರ ಜೀತದಾಳು ಹಿಂದಕ್ಕೆ ಹೋಗುವುದಿಲ್ಲ ಎಂಬ ತಿಳಿವಳಿಕೆ ಆಗ ಇತ್ತು.

ಆಮೇಲೆ ಎದುರಾದದ್ದು ಜೀತದಾಳುಗಳ ಎಣಿಕೆಯ ಪ್ರಶ್ನೆ. ಗಾಂಧಿ ಶಾಂತಿ ಪ್ರತಿಷ್ಠಾನ 1978-79ರಲ್ಲಿ ಹತ್ತು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಅಂದಾಜು 26 ಲಕ್ಷಕ್ಕೂ ಮೇಲಿತ್ತು. ಅಧಿಕಾರಿಗಳು ಒಪ್ಪಲಿಲ್ಲ. ಮುಂಗಡ ಕೊಟ್ಟ ಪತ್ರ ಎಲ್ಲಿ, ಬೇಡಿ ಎಲ್ಲಿ ಎಂದು ಕೇಳುವುದು ಅವರ ರೂಢಿ.

ಅದಕ್ಕೆ ಉತ್ತರ ಕೊಟ್ಟದ್ದು ಸುಪ್ರೀಂ ಕೋರ್ಟ್. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಎತ್ತರದ ಜಾಗ ಅದು. 1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕ್ರೀಡಾಂಗಣ ಕಟ್ಟುತ್ತಿದ್ದ ಕೂಲಿಗಳಿಗೆ ಕನಿಷ್ಠ ವೇತನ ಪೂರ್ತಿ ಕೈಗೆ ಸೇರುತ್ತಿರಲಿಲ್ಲ, ಗುತ್ತಿಗೆದಾರರ ಕೆಳಗಿನ ಜಮಾದಾರರು ಪಾಲು ಕೀಳುತ್ತಿದ್ದರು. ನ್ಯಾಯಮೂರ್ತಿ ಪಿ.ಎನ್. ಭಗವತಿ ‘ಬಲವಂತ’ ಎಂಬ ಪದವನ್ನೇ ಬಿಡಿಸಿ ನೋಡಿದರು. ಹೊಡೆದು ದುಡಿಸುವುದಷ್ಟೇ ಬಲವಂತವಲ್ಲ, ಹಸಿವೂ ಬಡತನವೂ ಬೇರೆ ದಾರಿ ಬಿಡದೆ ದುಡಿಸಿದರೆ ಅದೂ ಬಲವಂತ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಂಡರೆ 23ನೇ ವಿಧಿಯ ಉಲ್ಲಂಘನೆ ಎಂದರು. ಮರುವರ್ಷ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣ. ಫರೀದಾಬಾದಿನ ಕಲ್ಲುಗಣಿಗಳ ಬಗ್ಗೆ ಬಂದ ಒಂದು ಪತ್ರವನ್ನೇ ಕೋರ್ಟು ಅರ್ಜಿಯೆಂದು ತೆಗೆದುಕೊಂಡಿತು. ಕೂಲಿಯಾಳು ಬಲವಂತದ ದುಡಿಮೆಯಲ್ಲಿದ್ದಾನೆಂದು ಕಂಡರೆ, ಅದರ ಹಿಂದೆ ಮುಂಗಡವಿದೆ ಎಂದೇ ಭಾವಿಸಬೇಕು; ಇಲ್ಲವೆಂದು ಮಾಲೀಕ ತೋರಿಸಲಿ ಎಂದಿತು. ಅನಕ್ಷರಸ್ಥ ಕೂಲಿಯಿಂದ ಸಾಲದ ಪತ್ರ ಕೇಳುವುದು ಕ್ರೌರ್ಯ ಎಂಬ ಅರಿವು ತೀರ್ಪಿನೊಳಗೆ ಬಂತು.

ಇಷ್ಟಾದರೂ 1996ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಭಾರತದ ಜೀತದ ಮಕ್ಕಳ ಬಗ್ಗೆ ವರದಿ ಮಾಡಿದಾಗ, 2003ರಲ್ಲಿ ರೇಷ್ಮೆ ಉದ್ಯಮದ ಮಕ್ಕಳ ಬಗ್ಗೆಯೇ ಮತ್ತೊಂದು ವರದಿ ತಂದಾಗ, ಅವುಗಳಲ್ಲಿ ನಮ್ಮ ಮಾಗಡಿ, ರಾಮನಗರಗಳಿದ್ದವು. ಕುದಿಯುವ ನೀರಿಗೆ ಬೆರಳದ್ದಿ ಗೂಡಿನಿಂದ ಎಳೆ ತೆಗೆಯುತ್ತಿದ್ದ ಮಕ್ಕಳ ಹಿಂದೆ ತಂದೆತಾಯಿ ಪಡೆದ ಮುಂಗಡವಿತ್ತು.

ಎರಡು ಹಾದಿಗಳನ್ನು ಮತ್ತೆ ಜೋಡಿಸಿದ್ದು ವಿಶ್ವಸಂಸ್ಥೆಯ 2000ದ ಪಲೆರ್ಮೊ ಒಡಂಬಡಿಕೆ. ಜನರನ್ನು ಸೇರಿಸಿಕೊಳ್ಳುವ, ಸಾಗಿಸುವ ಅಥವಾ ಇರಿಸಿಕೊಳ್ಳುವ ಕೃತ್ಯ, ಅದಕ್ಕೆ ಬಳಸಿದ ಬೆದರಿಕೆ ಅಥವಾ ವಂಚನೆ, ಕೊನೆಗೆ ಶೋಷಣೆಯ ಉದ್ದೇಶ, ಈ ಮೂರೂ ಸೇರಿದರೆ ಅಪರಾಧ. ಗಡಿ ದಾಟಲೇಬೇಕೆಂದಿಲ್ಲ. ಮೋಸದಿಂದ ಪಡೆದ ಒಪ್ಪಿಗೆಗೆ ಬೆಲೆಯಿಲ್ಲ; ಹದಿನೆಂಟು ತುಂಬದವರ ವಿಷಯದಲ್ಲಿ ಮೋಸವನ್ನೂ ತೋರಿಸಬೇಕಿಲ್ಲ. ಭಾರತ ಇದನ್ನು 2011ರಲ್ಲಿ ಅನುಮೋದಿಸಿತು. ದೆಹಲಿಯ ನಿರ್ಭಯಾ ಪ್ರಕರಣದ ಬಳಿಕ ವರ್ಮಾ ಸಮಿತಿಯ ಶಿಫಾರಸಿನಂತೆ 370ನೇ ಕಲಮು 2013ರಲ್ಲಿ ಹೊಸದಾಯಿತು. ಒಂದು ನಷ್ಟ ಮಾತ್ರ ಗಮನಕ್ಕೆ ಬಾರದೆ ಹೋಯಿತು. ಆ ವರ್ಷದ ಸುಗ್ರೀವಾಜ್ಞೆಯಲ್ಲಿ ಶೋಷಣೆಯ ಪಟ್ಟಿಯೊಳಗೆ ಇದ್ದ ‘ಬಲವಂತದ ದುಡಿಮೆ’ ಸಂಸತ್ತಿನ ಕಾಯ್ದೆಯಲ್ಲಿ ಇಲ್ಲ. ‘ದೈಹಿಕ ಶೋಷಣೆ’ ಎಂಬ ಅಗಲವಾದ ಮಾತಿನ ಕೆಳಗೆ ಅದನ್ನು ತರಬಹುದು, ಆದರೆ ಠಾಣೆಯ ಬರಹಗಾರನಿಗೆ ಹೆಸರಿಲ್ಲದ ಅಪರಾಧ ಕಾಣುವುದು ಕಷ್ಟ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಪಟ್ಟಿಗೆ ಭಿಕ್ಷಾಟನೆಯನ್ನು ಸೇರಿಸಿತು, ಬಲವಂತದ ದುಡಿಮೆಯನ್ನು ಸೇರಿಸಲಿಲ್ಲ. ಸಮಗ್ರ ಮಸೂದೆಯೊಂದು 2018ರಲ್ಲಿ ಲೋಕಸಭೆ ದಾಟಿ ಅಲ್ಲಿಗೇ ನಿಂತುಹೋಯಿತು.

ಗುರುತಿಸುವ ವಿದ್ಯೆಗೆ ಹೆಚ್ಚು ನೆರವಾದದ್ದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ರೂಪಿಸಿದ 11 ಸೂಚಕಗಳು. ಮೋಸ, ಬೆದರಿಕೆ, ಓಡಾಟಕ್ಕೆ ತಡೆ, ಹೊರಗಿನವರ ಸಂಪರ್ಕ ಕಡಿಯುವುದು, ಗುರುತಿನ ಚೀಟಿ ಕಿತ್ತಿಡುವುದು, ಕೂಲಿ ಹಿಡಿದಿಡುವುದು, ಸಾಲ ಇತ್ಯಾದಿ. ಸೂಚಕಗಳನ್ನು ಪಟ್ಟಿ ಹಿಡಿದು ಗುರುತು ಹಾಕುವುದಕ್ಕಿಂತ ಅವು ಒಂದನ್ನೊಂದು ಹೇಗೆ ಹೆಣೆದುಕೊಂಡಿವೆ ಎಂದು ನೋಡಬೇಕು. ಇಟ್ಟಿಗೆ ಗೂಡಿನಲ್ಲಿ ಗಂಡನ ಹೆಸರಿಗೆ ಮುಂಗಡ ಇರುತ್ತದೆ, ದುಡಿಯುವುದು ಇಡೀ ಸಂಸಾರ. ಲೆಕ್ಕ ಸಾವಿರ ಇಟ್ಟಿಗೆಗೆ ಇಷ್ಟು ಎಂದು. ಲೆಕ್ಕದ ಪುಸ್ತಕ ಮಾಲೀಕನ ಬಳಿ. ವಾರಕ್ಕೊಮ್ಮೆ ದಿನಸಿಗೆ ಕಾಸು ಕೊಡುತ್ತಾರೆ, ಅದೂ ಸಾಲಕ್ಕೆ ಸೇರುತ್ತದೆ. ಗೇಟಿಗೆ ಬೀಗ ಇರಲೇಬೇಕೆಂದಿಲ್ಲ. ಸಂತೆಗೆ ಗಂಡ ಹೋದರೆ ಹೆಂಡತಿ ಮಕ್ಕಳು ಉಳಿಯಬೇಕು, ಅಷ್ಟು ಸಾಕು. ಹೊರಗಿನಿಂದ ನೋಡಿದವರಿಗೆ ಕೂಲಿಯಾಳು ಸ್ವತಂತ್ರವಾಗಿ ಸಂತೆ ಸುತ್ತುತ್ತಿದ್ದಾನೆ. ಬೀಗ ಹಾಕುವವರೂ ಇಲ್ಲದಿಲ್ಲ: 2018ರ ಡಿಸೆಂಬರಿನಲ್ಲಿ ಹಾಸನದ ಬಳಿ ಶೆಡ್ಡೊಂದರಲ್ಲಿ ಕೂಡಿಹಾಕಿದ್ದ 52 ಮಂದಿಯನ್ನು ಬಿಡಿಸಲಾಯಿತು.

ಅದೇ ಹೆಣಿಗೆ ಈಗ ಕಂಪ್ಯೂಟರ್ ಕಲಿತ ಹುಡುಗರನ್ನೂ ಸುತ್ತಿಕೊಂಡಿದೆ. ಥಾಯ್ಲೆಂಡಿನಲ್ಲಿ ಕೆಲಸವೆಂದು ಕರೆದು, ಮ್ಯಾನ್ಮಾರಿನ ಮ್ಯಾವಡ್ಡಿಗೋ ಕಾಂಬೋಡಿಯಾಕ್ಕೋ ದಾಟಿಸಿ, ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ವಂಚನೆ ಮಾಡಿಸುತ್ತಾರೆ. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2023ರಲ್ಲಿ ಮ್ಯಾನ್ಮಾರಿನಲ್ಲಿ 1 ಲಕ್ಷ 20 ಸಾವಿರ, ಕಾಂಬೋಡಿಯಾದಲ್ಲಿ ಸುಮಾರು 1 ಲಕ್ಷ ಮಂದಿ ಹೀಗೆ ಸಿಕ್ಕಿರಬಹುದೆಂದು ಅಂದಾಜಿಸಿತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು 549 ಭಾರತೀಯರನ್ನು ವಾಪಸು ತಂದವು. ಇವರನ್ನು ವಂಚಕರೆಂದು ನೋಡಬೇಕೇ, ಜೀತಕ್ಕೆ ಬಿದ್ದವರೆಂದೇ? ಬಿಡುಗಡೆಗೆ ಹಣ ಕಟ್ಟಬೇಕಿತ್ತೇ, ಒಲ್ಲೆ ಎಂದಾಗ ಏನು ಮಾಡಿದರು ಎಂದು ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ.

ಇಟ್ಟಿಗೆ ಗೂಡಿನಲ್ಲೂ ಹೀಗೆ ಕೇಳುವವರು ಬೇಕು. ಮಾಲೀಕನ ಎದುರಿಗೆ ಕೇಳಿದರೆ ಯಾರೂ ಹೇಳುವುದಿಲ್ಲ. ದೂರ ಕರೆದು, ಅವರ ಒಡಿಯಾದಲ್ಲೋ ತೆಲುಗಿನಲ್ಲೋ ಕೇಳಬೇಕು. ಬಿಡಿಸಿದ ದಿನವೇ ಉಪವಿಭಾಗಾಧಿಕಾರಿಯ ಸಹಿಯಿರುವ ಬಿಡುಗಡೆ ಪತ್ರ ಕೈಗೆ ಬರಬೇಕು. 2016ರ ಕೇಂದ್ರ ಯೋಜನೆಯಂತೆ ಗಂಡಸಿಗೆ 1 ಲಕ್ಷ, ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ, ತೀವ್ರ ಶೋಷಣೆಗೆ ಒಳಗಾದವರಿಗೆ 3 ಲಕ್ಷ ಪರಿಹಾರವಿದೆ. ತಕ್ಷಣದ ನೆರವು 20 ಸಾವಿರ ಇದ್ದದ್ದು ಈಗ 30 ಸಾವಿರ. ಪೂರ್ತಿ ಹಣ ಸಿಗಲು ಮಾಲೀಕನಿಗೆ ಶಿಕ್ಷೆಯಾಗಬೇಕು ಎಂಬ ಷರತ್ತು ಬಡವರ ಪಾಲಿಗೆ ಬರೆದ ಅನ್ಯಾಯ. ಅಷ್ಟು ವರ್ಷ ಮೊಕದ್ದಮೆಗೆ ಕಾಯಲು ಅವರಲ್ಲಿ ಏನಿದೆ? ಪತ್ರವನ್ನೂ ಕೊಡದೆ ಅಧಿಕಾರಿಗಳು ಜನರನ್ನು ರಾತ್ರಿಯ ರೈಲು ಹತ್ತಿಸಿಬಿಟ್ಟರೆ ಆ 30 ಸಾವಿರವೂ ಇಲ್ಲ. ಒಡಿಶಾದ ಬಲಾಂಗೀರಿನ ಹಳ್ಳಿಗೆ ಅವರು ಬರಿಗೈಯಲ್ಲಿ ಮರಳುತ್ತಾರೆ. ಭಾದ್ರಪದದಲ್ಲಿ ಹೊಸ ಭತ್ತದ ನುವಾಖಾಯ್ ಹಬ್ಬ ಬರುತ್ತದೆ, ಮನೆಯಲ್ಲಿ ಕಾಸಿರುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಆಳು ಹೊಂದಿಸುವ ಸರ್ದಾರ ಹೊಸ ಮುಂಗಡ ಹಿಡಿದು ಬಾಗಿಲಿಗೆ ಬಂದಿರುತ್ತಾನೆ.